ಆಕಾಶದಲ್ಲಿ ತೂತು ಗೂಡು

"ಮಾವ, ಅಪ್ಪಂಗೆ ನೀವೇ ಒಸಿ ಹೇಳ್ಬೇಕು. ಬರೆಯೋರು ನೀವು, ನಿಮ್ಮ ಮಾತಾದ್ರೆ ಕೇಳ್ತಾರೆ."

ಕಳೆದ ಭಾನುವಾರ ಅಕ್ಕನ ಮಗಳು ಸುಮಾ ಹೀಗೆ ಅಂದಾಗ ನಾನು ಉಬ್ಬಿಹೋದೆ. ಅಲ್ಲೇ ಕೆಟ್ಟಿದ್ದು. ಅವಳು ನಕ್ಷತ್ರಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಮುಗಿಸಲು ಇನ್ನೆರಡು ವರ್ಷ ಬೇಕು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುವ ನಮ್ಮ ಭಾವನಿಗೆ ಅವಳು ಈ ವರ್ಷವೇ ಪಿಎಚ್‌ಡಿ ಬಿಟ್ಟು ಊರಲ್ಲೇ ಲೆಕ್ಚರರ್ ಆಗಬೇಕು.

ಭಾವನ ಮನೆಗೆ ಹೋಗುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಸುಮಾ ನನಗೆ ಪಾಠ ಮಾಡಿದಳು. ಭಾರೀ ನಕ್ಷತ್ರಗಳು ಮುಪ್ಪಿನಲ್ಲಿ ಜೋರು ಗಾಳಿ ಊದುತ್ತವಂತೆ. ನಕ್ಷತ್ರವೇ ಹಿಂದೆ ಉಗುಳಿದ ಅನಿಲವನ್ನು ಆ ಗಾಳಿ ತಳ್ಳಿ, ಸುತ್ತ ಗುಳ್ಳೆಯಂಥ ನೆಬ್ಯುಲಾ ಮಾಡುತ್ತದಂತೆ. ಒಳಗೆ ಲಕ್ಷಾಂತರ ಡಿಗ್ರಿ ಕಾವು. ಆ ಕಾವಿನಿಂದ ಎಕ್ಸ್‌ರೇ ಹೊರಡುತ್ತದೆ. (ಊದಿದರೆ ಆರಬೇಕಲ್ಲವೇ? ಕೇಳಲಿಲ್ಲ. ಮಾವನ ಮರ್ಯಾದೆ ಪ್ರಶ್ನೆ.)

ಭಾವನ ಮುಂದೆ ಕೂತು ಜಾಣತನ ತೋರಿಸಿದೆ. "ರೇಷ್ಮೆ ಹುಳ ಗೂಡು ಕಟ್ಟಲ್ವಾ ಭಾವ? ಹಂಗೇ ನಕ್ಷತ್ರನೂ ಕಟ್ತದೆ. ಗೂಡೊಳಗೆ ಏನೈತೆ ಅಂತ ಇವ್ಳು ಎಕ್ಸ್‌ರೇಲಿ ನೋಡ್ತಾಳೆ."

ಭಾವನ ಮುಖ ಅರಳಿತು. "ಗೂಡಾ? ಹಂಗನ್ನು ಮತ್ತೆ. ಏನೈತವ್ವ ಒಳಗೆ?"

"ಅದೇ ತೊಂದ್ರೆ ಅಪ್ಪ. ಲೆಕ್ಕದ ಪ್ರಕಾರ ಬರ್ಬೇಕಾದಷ್ಟು ಎಕ್ಸ್‌ರೇ ಬತ್ತಿಲ್ಲ. ಎಲ್ಲೋ ತೂತು ಬಿದ್ದು ಕಾವು ಸೋರ್ತಿರ್ಬೋದು."

ಅರಳಿದ ಮುಖ ಮುದುಡಿತು. "ತೂತು ಗೂಡಾ? ಚಿಟ್ಟೆ ಕೊರೆದ ಗೂಡ್ನ ಮಾರ್ಕೆಟ್‌ನಲ್ಲಿ ನಾನು ಮುಟ್ಟಾಕೂ ಇಲ್ಲ. ಎಳೆ ತುಂಡಾಗಿರ್ತದೆ, ನೂಲು ಬರಾಕಿಲ್ಲ. ಅದುಕ್ಕೆ ಎರಡು ವರ್ಷ ಹಾಕ್ತೀಯಾ?"

ನಾನು ಕೊಟ್ಟ ಹೋಲಿಕೆ ನನ್ನ ಕುತ್ತಿಗೆಗೇ ಬಂತು. ಗೂಡು ಅಂದವನೂ ನಾನೇ, ಈಗ ಅದು ಗೂಡಲ್ಲ ಅನ್ನುವುದು ಹೇಗೆ? ಸುಮಾ ನನ್ನನ್ನು ದುರುಗುಟ್ಟಿ ನೋಡಿದಳು. ಸಹಾಯಕ್ಕೆ ಕರೆದ ಮಾವ ಇದ್ದ ಎರಡು ವರ್ಷವನ್ನೂ ಕಳೆದಿದ್ದ.

"ತೂತೈತೋ ಇಲ್ವೋ ಅದೂ ಸರಿಯಾಗಿ ಗೊತ್ತಿಲ್ಲ ಅಪ್ಪ" ಅಂದಳು. "ಬೇರೆ ಕಾರಣಾನೂ ಇರ್ಬೋದು. ಅದುಕ್ಕೇ ಟೈಮ್ ಕೇಳ್ತಿರೋದು."

"ಹುಡುಕಿನೂ ಸಿಗ್ದಿದ್ರೆ?"

"ಸಿಗ್ಲಿಲ್ಲ ಅಂತ ಬರೀತೀನಿ."

ಮುಗಿಯಿತು ಅಂದುಕೊಂಡೆ. ಭಾವ ಅವಳನ್ನೂ ನೋಡಿದರು, ನನ್ನನ್ನೂ ನೋಡಿದರು.

"ಬಾಮೈದ, ನೀನು ಹೇಳಿದ್ದೂ ತಿಳೀಲಿಲ್ಲ, ಅವ್ಳು ಹೇಳಿದ್ದೂ ತಿಳೀಲಿಲ್ಲ. ಆದ್ರೆ ಗೊತ್ತಿಲ್ದಿದ್ದನ್ನ ಗೊತ್ತಿಲ್ಲ ಅಂತಾಳಲ್ಲ, ಅವ್ಳನ್ನ ನಂಬ್ಬೋದು. ಓದ್ಲಿ ಬುಡು."

ಸುಮಾ ಖುಷಿಯಲ್ಲಿ ಬಸ್ ಹತ್ತಿದಳು. ನನಗೆ ಮಾತ್ರ ತಲೆಬುಡ ತಿಳಿಯುತ್ತಿಲ್ಲ. ಕಾವು ಎಲ್ಲಿ ಹೋಯಿತು? ಭಾವ ಮಗಳನ್ನು ಹೊಗಳಿದರೋ, ನನ್ನನ್ನು ತಿವಿದರೋ?

ಅಂದಹಾಗೆ, ತನಗೇ ತಿಳಿಯದ್ದನ್ನು ವಾರವಾರ ಈ ಅಂಕಣದಲ್ಲಿ ನಿಮಗೆ ತಿಳಿಸಿಕೊಡುವ ಈ ಮನುಷ್ಯನನ್ನು ನೀವು ಯಾವ ಧೈರ್ಯದ ಮೇಲೆ ಓದುತ್ತೀರಿ?