ಡಬ್ಬ ಬಡಿದು ಕಲಿತ ಮಗ್ಗಿ

ತಾಳಕ್ಕೂ ನನಗೂ ಹುಟ್ಟಿನಿಂದಲೇ ಎಣ್ಣೆ-ಸೀಗೆಕಾಯಿ. ಭಜನೆಯಲ್ಲಿ ನಾನು ತಾಳ ಎತ್ತಿಕೊಂಡರೆ ಸಾಕು, ಪಕ್ಕದವರು "ಕೈ ನೋಯುತ್ತೆ, ಇತ್ತ ಕೊಡಿ" ಎಂದು ಬಹಳ ಮರ್ಯಾದೆಯಿಂದ ಕಿತ್ತುಕೊಳ್ಳುತ್ತಿದ್ದರು. ಇಂಥ ನಾನು ಹಳೇಕೋಟೆ ಹತ್ತಿರದ ಒಂದು ಹಳ್ಳಿಯಲ್ಲಿ ಮಕ್ಕಳ ಕೈಗೆ ಕೋಲು ಕೊಟ್ಟು ಡಬ್ಬ ಬಡಿಸಿದೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಆ ಶಾಲೆಗೆ ನಾನೊಬ್ಬನೇ ಮೇಷ್ಟ್ರು. ಗೋಡೆ ಪಕ್ಕ ಕೂರುವ ಒಂದು ಗುಂಪಿತ್ತು. ಎಷ್ಟು ಹೇಳಿಕೊಟ್ಟರೂ ಮಗ್ಗಿ ಅವರ ತಲೆಗೆ ಹತ್ತುತ್ತಿರಲಿಲ್ಲ. ಆ ಗುಂಪಿಗೆ ಪುಟ್ಟಮ್ಮನೇ ಯಜಮಾನಿ. ಏಳರ ಮಗ್ಗಿಯಲ್ಲಿ ಏಳು ನಾಲ್ಕರ ಹತ್ತಿರ ಬಂದರೆ ಅವಳ ಬಾಯಿಗೆ ಬೀಗ. ಅವಳಪ್ಪ ಸಣ್ಣೇಗೌಡರ ಹೊಲ ಶಾಲೆಯ ಬೇಲಿಗೇ ಅಂಟಿಕೊಂಡಿತ್ತು. ಒಂದು ದಿನ ಬೇಲಿಯಾಚೆಯಿಂದಲೇ ಹೇಳಿಬಿಟ್ಟರು: "ಈ ಸಲಾನೂ ಪೇಲಾದ್ರೆ ಬಿಡಿಸ್ಬುಡ್ತೀನಿ ಕಣೇಳಿ ಮೇಷ್ಟ್ರೇ. ಒಲ್ದಲ್ಲಿ ಕೆಲ್ಸ ಬಿದ್ದದೆ, ಎಣ್ಮಗೂಗೆ ಲೆಕ್ಕ ಯಾಕೆ?"

ನನಗೆ ಹಟ ಹುಟ್ಟಿದ್ದು ಅವತ್ತು. ಸಂಜೆ ನೋಡುತ್ತೇನೆ, ಇದೇ ಪುಟ್ಟಮ್ಮ ಹೊಲ ಕಾಯುವ ಅಟ್ಟಣೆಯ ಮೇಲೆ ಕೂತು, ಜೋಳಕ್ಕೆ ಬಂದ ಹಕ್ಕಿ ಓಡಿಸಲು ಸೀಮೆಎಣ್ಣೆ ಡಬ್ಬ ಬಡಿಯುತ್ತ ಹಾಡುತ್ತಿದ್ದಾಳೆ. ಅಷ್ಟುದ್ದದ ಹಾಡಿನಲ್ಲಿ ಒಂದು ಮಾತು ಮರೆತಿಲ್ಲ, ಒಂದು ಪೆಟ್ಟು ತಪ್ಪಿಲ್ಲ! ನಮ್ಮ ಹಿರಿಯರು ವೈದ್ಯ, ಜ್ಯೋತಿಷ, ಕಡೆಗೆ ಲೆಕ್ಕವನ್ನೂ ಪದ್ಯದಲ್ಲೇ ಕಟ್ಟಿಟ್ಟದ್ದು ಸುಮ್ಮನೆಯೇ? ತಲೆ ಮರೆತದ್ದನ್ನು ತಾಳ ನೆನಪಿಟ್ಟುಕೊಳ್ಳುತ್ತದೆ ಎಂದು ಅವರಿಗೆ ಗೊತ್ತಿತ್ತು.

ಮರುದಿನ ನಾನು ಹೇಳಿದಂತೆ ಗೋಡೆ ಪಕ್ಕದ ಮಕ್ಕಳೆಲ್ಲ ಡಬ್ಬ, ಒಡಕು ಕೊಳಗ, ಹಳೇ ಮೊರ ಹೊತ್ತು ಬಂದರು. ಸುತ್ತಲೂ ಕೂರಿಸಿ ಶುರುಮಾಡಿಸಿದೆ: "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು..." ಮಗ್ಗಿ ಮುಗಿಯುವಷ್ಟರಲ್ಲಿ ಊರಿನ ಗಂಡಸರು ದೊಣ್ಣೆ, ಕುಡುಗೋಲು ಹಿಡಿದು ಓಡಿಬಂದರು. ಆ ಊರಲ್ಲಿ ಹಗಲು ಹೊತ್ತು ಡಬ್ಬಗಳೆಲ್ಲ ಒಟ್ಟಿಗೆ ಸದ್ದು ಮಾಡಿದರೆ ಒಂದೇ ಅರ್ಥ, ಪೊದೆಗೆ ಚಿರತೆ ಹೊಕ್ಕಿದೆ!

"ಎಲ್ಲಿ ಸೇರ್ಕೊಂಡದೆ ಮೇಷ್ಟ್ರೇ?"

"ಏಳರ ಮಗ್ಗಿಯಲ್ಲಿ," ಎಂದೆ.

ಎಲ್ಲರೂ ನಕ್ಕರು, ಸಣ್ಣೇಗೌಡರು ನಗಲಿಲ್ಲ. "ಇದೇನು ಇಸ್ಕೂಲಾ, ಬ್ಯಾಟೆನಾ?" ಎಂದರು. ನನಗೂ ಸಿಟ್ಟು ಬಂತು. "ಗೌಡ್ರೇ, ಪರೀಕ್ಷೆವರೆಗೂ ಡಬ್ಬ ನಿಲ್ಲೋಲ್ಲ. ಬೇಕಾದ್ರೆ ಕಿವಿಗೆ ಹತ್ತಿ ಇಟ್ಕೊಳ್ಳಿ," ಎಂದೆ. ನಿಲ್ಲಿಸಲೂ ಇಲ್ಲ. ಒಬ್ಬರು ತಡವರಿಸಿದರೆ ಉಳಿದವರ ಪೆಟ್ಟು ಅವರನ್ನು ಕೈಹಿಡಿದು ಮುಂದಕ್ಕೆ ಕರೆದೊಯ್ಯುತ್ತಿತ್ತು; ಆ ಸುತ್ತಿನಲ್ಲಿ ದಡ್ಡರು ಎಂದರೆ ನಾನೊಬ್ಬನೇ. ತಾಳ ತಪ್ಪಿಸುತ್ತೇನೆಂದು ಮಕ್ಕಳೂ ನನ್ನ ಕೋಲು ಕಿತ್ತುಕೊಂಡರು.

ಪರೀಕ್ಷೆಗೆ ಹಾಸನದಿಂದ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. "ಇದೇನ್ರೀ ತಗಡಿನ ಸಂತೆ? ಆಚೆ ಹಾಕಿಸಿ," ಎಂದರು. ಡಬ್ಬಗಳೆಲ್ಲ ಜಗಲಿಗೆ ಹೋದವು. ಪುಟ್ಟಮ್ಮ ಎದ್ದು ನಿಂತು, "ಏಳ್ಮೂರ್ಲ ಇಪ್ಪತ್ತೊಂದು" ತನಕ ಬಂದು, "ಏಳ್ನಾಲ್ಕ್ಲ..." ಎಂದವಳು ನಿಂತೇಬಿಟ್ಟಳು. ಮುಗಿಯಿತು, ಹುಡುಗಿ ಇನ್ನು ಹೊಲಕ್ಕೇ ಎಂದುಕೊಂಡೆ.

ಅಷ್ಟರಲ್ಲಿ ಜಗಲಿಯಿಂದ ಸದ್ದು: ಡಬ್ ಡಬ್, ಡಬ್ ಡಬ್. ಪೆಟ್ಟಿನಲ್ಲಿ ಉತ್ತರವೇನೂ ಇರಲಿಲ್ಲ. ಆದರೂ ಪುಟ್ಟಮ್ಮನ ಕತ್ತು ನೆಟ್ಟಗಾಯಿತು. "ಇಪ್ಪತ್ತೆಂಟು!" ಎಂದವಳು ಎಪ್ಪತ್ತು ಮುಟ್ಟುವವರೆಗೂ ನಿಲ್ಲಲಿಲ್ಲ.

"ಯಾರ್ರೀ ಅದು?" ಸಾಹೇಬರು ಗದರಿದರು.

ಬಾಗಿಲಲ್ಲಿ ಸಣ್ಣೇಗೌಡರು, ಕೈಯಲ್ಲಿ ಕೋಲು. "ಕೋತಿ ಓಡ್ಸ್ತಿದ್ದೆ ಬುದ್ದಿ," ಎಂದರು. ಸುತ್ತ ಎಲ್ಲಿಯೂ ಕೋತಿಯ ಸುಳಿವಿರಲಿಲ್ಲ. ಸಾಹೇಬರು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಮೀಸೆಯೊಳಗೇ ನಕ್ಕು, ಹುಡುಗಿಗೆ ಪಾಸು ಹಾಕಿದರು.

ಸಾಹೇಬರ ಗಾಡಿ ಹೊರಟ ಮೇಲೂ ಗೌಡರು ಜಗಲಿ ಬಿಟ್ಟು ಕದಲಲಿಲ್ಲ. ನೆಲ ನೋಡುತ್ತ, "ದಿನಾ ಕೇಳಿ ಕೇಳಿ ನಂಗೂ ಬಂದ್ಬುಡ್ತು ಮೇಷ್ಟ್ರೇ," ಎಂದರು. ಕೋಲನ್ನು ಡಬ್ಬದ ಮೇಲಿಟ್ಟು, "ಎಂಟರ ಮಗ್ಗಿ ಯಾವತ್ತಿಂದ ಸುರು?"

"ನಾಳೆಯಿಂದಲೇ," ಎಂದೆ.