ಹಸಿರು ಬೆಂಕಿ ಆಡಿಸಿದ ಕೈಗಳು

ಆ ಶನಿವಾರ ಮಧ್ಯಾಹ್ನ ಅಣ್ಣ ಎರಡು ಹಳೆಯ ಜೀನ್ಸ್ ಪ್ಯಾಂಟುಗಳನ್ನು ನನ್ನ ಹೊಲಿಗೆ ಮೆಷಿನ್ನಿನ ಮೇಲೆ ಹಾಕಿ, "ಪಟ್ಟಿ ಕತ್ತರಿಸಿಕೊಡಮ್ಮ, ಯಾವಾಗ್ಲೂ ಮಾಡೋ ಅಷ್ಟೇ ಅಗಲ" ಎಂದಿದ್ದರು. ಈಗಲೂ ಯಾರಾದರೂ ಜೀನ್ಸ್ ಗಿಡ್ಡ ಮಾಡಿಸಲು ತಂದರೆ, ಕತ್ತರಿ ಹಾಕುವ ಮುಂಚೆ ಒಂದು ಗಳಿಗೆ ಕೈ ನಿಲ್ಲುತ್ತದೆ.

ಲಗ್ಗೆರೆಯಲ್ಲಿ ಅವರು ನಮ್ಮ ಮೇಲಿನ ಮನೆಯಲ್ಲಿದ್ದರು. ರಕ್ತಸಂಬಂಧವೇನೂ ಇರಲಿಲ್ಲ, ಆದರೂ ಅಣ್ಣ. ವಾರವೆಲ್ಲ ಪೀಣ್ಯದಲ್ಲಿ ಲೇತ್ ಕೆಲಸ. ಶನಿವಾರ, ಭಾನುವಾರ ಮದುವೆ ರಿಸೆಪ್ಷನ್‌ಗಳಲ್ಲಿ ಬೆಂಕಿ ಆಡಿಸುತ್ತಿದ್ದರು. ಹೆಣ್ಣುಗಂಡು ಒಳಗೆ ಬರುವಾಗ ಅವರ ಮುಂದೆ, ಎರಡು ಸರಪಳಿಗಳ ತುದಿಗೆ ಉರಿಯುವ ಬಟ್ಟೆಯುಂಡೆ ಕಟ್ಟಿ ಗಿರ್ರನೆ ತಿರುಗಿಸುವುದು. ಆ ಉಂಡೆಗಳಿಗೇ ನನ್ನ ಜೀನ್ಸ್ ಪಟ್ಟಿ ಬೇಕಾಗುತ್ತಿತ್ತು.

ಉಂಡೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಹೆಚ್ಚಾದದ್ದನ್ನು ಬರಿಗೈಯಲ್ಲಿ ಹಿಂಡುವುದು ಅವರ ಕ್ರಮ. ಹೊರಗೆ ಜಾಡಿಸೋಣವೆಂದರೆ ಕಾರುಗಳು ನಿಂತಿರುತ್ತವೆ, ಒಳಗೆ ಕಾರ್ಪೆಟ್. ಒಂದು ಹನಿ ಸಿಡಿದರೂ ಛತ್ರದವರು ಬೈಯುತ್ತಾರೆ. ಕೈಗವಸು ಹಾಕಿದರೆ ಎಷ್ಟು ಹಿಂಡಿದೆ ಎಂದು ಗೊತ್ತಾಗುವುದಿಲ್ಲವಂತೆ. ವರ್ಷಗಟ್ಟಲೆ ಹಿಂಡಿ ಹಿಂಡಿ ಅಂಗೈ ಒಡೆದು, ಬಿರುಕುಗಳಲ್ಲಿ ಕಪ್ಪು ಕೂತಿತ್ತು.

ಆ ದಿನ ಅವರ ಬಳಿ ಚೀಟಿಯಿಲ್ಲದ ಒಂದು ಬಿಳಿ ಕ್ಯಾನು, ಒಂದು ಪೊಟ್ಟಣ ಬಿಳಿ ಪುಡಿ ಇತ್ತು. ಅವರಿಗೆ ಕಾರ್ಯಕ್ರಮ ಕೊಡಿಸುತ್ತಿದ್ದ ಈವೆಂಟ್‌ನವನು ತಂದುಕೊಟ್ಟದ್ದು.

"ಹುಡುಗಿ ಸೀರೆ ಹಸಿರಂತೆ, ಬೆಂಕಿನೂ ಹಸಿರೇ ಬೇಕಂತೆ" ಎಂದು ನಕ್ಕರು. "ನಾಳೆ ಲಿಪ್‌ಸ್ಟಿಕ್ ಬಣ್ಣ ಕೇಳಿದ್ರೆ ಏನ್ ಮಾಡ್ಲಿ ಹೇಳು?"

"ಏನಣ್ಣ ಇದು? ಹೆಸರೇ ಇಲ್ವಲ್ಲ."

"ಥಿನ್ನರ್ ಥರದ್ದು ಏನೋ. ಹಸಿರು ಬಣ್ಣಕ್ಕೆ ಅದರಲ್ಲಿ ಬೆರೆಸೋ ಪುಡಿ ಬರೀ ಕೇರಂ ಪೌಡರ್ ಕಣಮ್ಮ. ಕೇರಂ ಆಡಿ ಯಾರಾದ್ರೂ ಸತ್ತಿದ್ದಾರಾ?" ಕ್ಯಾನಿನಿಂದ ಸ್ವಲ್ಪ ಅಂಗೈಗೆ ಸುರಿದುಕೊಂಡು ಉಜ್ಜಿದರು. "ಸೀಮೆಎಣ್ಣೆ ಥರ ಉರಿಯಲ್ಲ ನೋಡು. ತಣ್ಣಗಿದೆ, ಹಿತವಾಗಿದೆ."

ನನಗೆ ಆ ವಾಸನೆ ಹಿಡಿಸಲಿಲ್ಲ. ಅಪ್ಪ ಕುಡಿದು ಬರುತ್ತಿದ್ದ ದಿನಗಳ ವಾಸನೆಗೆ ಹತ್ತಿರವಿತ್ತು... ಅಷ್ಟೇ ಅನ್ನಿಸಿದ್ದು. ಪಟ್ಟಿ ಕೊಟ್ಟೆ, ಹೋದರು.

ಆಮೇಲೆ ತಿಳಿದದ್ದು, ಅವತ್ತು ಛತ್ರದಲ್ಲಿ ಎಲ್ಲ ತಡವಾಯಿತಂತೆ. ಕಿಟಕಿ ಮುಚ್ಚಿದ ಎ.ಸಿ. ಕೋಣೆಯಲ್ಲಿ ಕೂತು, ಉಂಡೆಗಳು ಒಣಗಿದಂತೆಲ್ಲ ಮತ್ತೆ ಮತ್ತೆ ಅದ್ದುತ್ತ, ಹಿಂಡುತ್ತ ಕಾದಿದ್ದಾರೆ. ಹಸಿರು ಬೆಂಕಿ ಬಹಳ ಚೆನ್ನಾಗಿ ಬಂತಂತೆ. ಎಲ್ಲರೂ ಫೋನ್ ಎತ್ತಿ ಹಿಡಿದಿದ್ದರಂತೆ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು. ನನ್ನ ಬಾಗಿಲಲ್ಲೇ ವಾಂತಿ. ಹಿಂದೆ ಅವರ ಹೆಂಡತಿ, ನಮ್ಮ ಅತ್ತಿಗೆ.

"ಕಣ್ಣ ಮುಂದೆ ಹಾಲು ಚೆಲ್ಲಿದ ಹಾಗಿದೆ ಕಣಮ್ಮ, ಏನೂ ಸರಿಯಾಗಿ ಕಾಣ್ತಿಲ್ಲ" ಎಂದರು ಅಣ್ಣ.

ನಾನು ಬಗ್ಗಿ ಅವರ ಉಸಿರು ಮೂಸಿದೆ. ಅದೇ ವಾಸನೆ ಇದೆ ಅನ್ನಿಸಿತು. ಇತ್ತೋ, ನನ್ನ ಮೂಗಿಗೆ ಬೇಕಾದದ್ದೇ ಸಿಕ್ಕಿತೋ... ಕುಡಿತ ಬಿಟ್ಟು ಅವರಿಗೆ ಆರು ವರ್ಷವಾಗಿತ್ತು. ಅಷ್ಟು ಬೇಗ ನಾನು ನಂಬಿಕೆ ಕಳೆದುಕೊಂಡೆ.

"ಕುಡಿದವರ ನಡಿಗೆ ನಂಗೊತ್ತಿಲ್ವಾ ಅತ್ತಿಗೆ? ನಮ್ಮಪ್ಪನ್ನ ನೋಡಿಲ್ವಾ? ಮಲಗ್ಲಿ ಬಿಡಿ, ಸರಿಹೋಗುತ್ತೆ."

"ದೇವರಾಣೆ ಕುಡಿದಿಲ್ಲ" ಎಂದರು ಅಣ್ಣ. ಯಾರಿಗೆ ಹೇಳುತ್ತಿದ್ದೇನೆಂದು ಕಾಣದೆ, ಮುಖವನ್ನು ನನ್ನ ಬದಲು ಮೆಷಿನ್ನಿನ ಕಡೆ ತಿರುಗಿಸಿದ್ದರು. "ಹೌದು, ಎಲ್ರೂ ಹಂಗೇ ಅನ್ನೋದು" ಎಂದಳು ಅತ್ತಿಗೆ. ಮೇಲೆ ಕರೆದುಕೊಂಡು ಹೋಗಿ, ಮಜ್ಜಿಗೆ ಕುಡಿಸಿ ಮಲಗಿಸಿದಳು.

ಸಂಜೆ ಉಸಿರು ಜೋರಾಗಿ ಎಳೆಯತೊಡಗಿದಾಗ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಅಲ್ಲಿ ಮೊದಲು ಕೇಳಿದ್ದೂ "ಕುಡಿದಿದ್ರಾ?" ಎಂದೇ. ಒಬ್ಬ ಡಾಕ್ಟರಮ್ಮ ಮಾತ್ರ ಅವರ ಅಂಗೈ ತಿರುಗಿಸಿ ನೋಡಿ, "ಈ ಕೈಯಲ್ಲಿ ಏನು ಕೆಲಸ ಮಾಡ್ತಿದ್ರು?" ಎಂದು ಕೇಳಿದರು. ಕ್ಯಾನಿನ ವಿಷಯ ಹೇಳಿದೆ. ರಕ್ತ ಪರೀಕ್ಷೆ ಮಾಡಿಸಿ ಬಂದು ಹೇಳಿದರು: "ಮೆಥನಾಲ್ ಇದು, ಕಳ್ಳಭಟ್ಟಿ ವಿಷ ಆಗೋದು ಇದರಿಂದಲೇ. ಕುಡೀಲೇಬೇಕು ಅಂತಿಲ್ಲಮ್ಮ, ಚರ್ಮದಿಂದ, ಉಸಿರಿಂದಲೂ ಒಳಗೆ ಹೋಗುತ್ತೆ. ಕೈ ಬೇರೆ ಒಡೆದಿದೆ. ಮಧ್ಯಾಹ್ನವೇ ಕರ್ಕೊಂಡು ಬಂದಿದ್ರೆ..." ಅತ್ತಿಗೆ ನನ್ನ ಕಡೆ ನೋಡಲಿಲ್ಲ.

ಅಣ್ಣ ಮೂರನೆಯ ದಿನ ಹೋದರು.

ಶನಿವಾರ ರಾತ್ರಿ ಅಣ್ಣ ವಾಪಸ್ ತಂದು ಮೆಟ್ಟಿಲ ಕೆಳಗಿಟ್ಟಿದ್ದ ಕ್ಯಾನು, ನಾವು ಆಸ್ಪತ್ರೆಯಲ್ಲಿದ್ದಾಗಲೇ ಮಾಯವಾಗಿತ್ತು. ಈವೆಂಟ್‌ನವನನ್ನು ಕೇಳಿದರೆ, "ಬರೀ ಥಿನ್ನರ್ ಮೇಡಂ. ಅವರು ಮೊದ್ಲು ಕುಡೀತಿದ್ರು ಅಲ್ವಾ?" ಎಂದ. ಆ ಪ್ರಶ್ನೆ ಅವನಿಗೆ ಅಷ್ಟು ಸಿದ್ಧವಾಗಿ ಎಲ್ಲಿಂದ ಬಂತು? ಅದರಲ್ಲಿ ಏನಿದೆಯೆಂದು ಅವನಿಗೆ ಮೊದಲೇ ಗೊತ್ತಿತ್ತೆ? ಕ್ಯಾನು ಒಯ್ದವರು ಯಾರು? ನಾನು ಎಲ್ಲರನ್ನೂ ಅನುಮಾನಿಸಿದೆ, ನಮ್ಮ ಬೀದಿಯ ಗುಜರಿಯವನನ್ನೂ ಬಿಡಲಿಲ್ಲ. ಅನುಮಾನ ನನಗೆ ಸಲೀಸು. ಅಣ್ಣನ ವಿಷಯದಲ್ಲೂ ಸಲೀಸಾಗಿಯೇ ಬಂದಿತ್ತು.

ಅತ್ತಿಗೆ ಈಗ ಕೆಂಗೇರಿಯಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಹೋದ ವಾರ ಬ್ಲೌಸ್ ಹೊಲಿಸಲು ಬಂದ ಹುಡುಗಿಯೊಬ್ಬಳು ತನ್ನ ರಿಸೆಪ್ಷನ್ ವಿಡಿಯೋ ತೋರಿಸಿದಳು. ಹಸಿರು ಬೆಂಕಿ ತಿರುಗುತ್ತಿತ್ತು. "ಸೂಪರ್ ಆಗಿದೆ ಅಲ್ವಾ ಆಂಟಿ?" ಎಂದಳು. ನಾನು ಆಡಿಸುವವನ ಕೈಗಳನ್ನೇ ಹುಡುಕಿದೆ. ಕೈಗವಸು ಇತ್ತೋ ಇಲ್ಲವೋ, ಆ ಬೆಳಕಿನಲ್ಲಿ ತಿಳಿಯಲಿಲ್ಲ. ಆಡಿಸುವವರ ನಂಬರ್ ಕೇಳಿದರೆ ಅವಳ ಬಳಿ ಇರಲಿಲ್ಲ.

ಅಣ್ಣ ಕುಡಿದಿರಲಿಲ್ಲವೆಂದು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ. ಆ ಭಾನುವಾರ ನಾನು ಅಂದದ್ದು ತಪ್ಪು ಎಂದು ಅತ್ತಿಗೆಗೆ ಮಾತ್ರ ಇನ್ನೂ ಹೇಳಿಲ್ಲ.