ತಂತಿ ಹರಿದ ಜಾಗದ ಮೌನ

ಮೊನ್ನೆ ಮೊಮ್ಮಗಳು ಪಿಟೀಲಿನ ಪೆಟ್ಟಿಗೆ ತೆರೆದಾಗ ಕಮಾನಿಗೆ ತಿಕ್ಕುವ ರಾಳದ ವಾಸನೆ ಅಡುಗೆಮನೆಯವರೆಗೂ ಬಂತು. ನಮ್ಮ ಸಂಗೀತದ ಮಾಸ್ತರರ ಕೋಟಿನ ವಾಸನೆ ಅದು... ಜೊತೆಗೇ ಹಳೆಯ ಸಿಟ್ಟೂ ಬಂತು.

ನಲವತ್ತರ ದಶಕದ ಮಾತು. ಅವರು ಸೂಪಾ ಕಡೆಯವರು, ಮನೆಮಾತು ಕೊಂಕಣಿ. ವಾರಕ್ಕೊಮ್ಮೆ ಬಂದು ನಮ್ಮ ಕಾನ್ವೆಂಟಿನ ಹುಡುಗಿಯರಿಗೆ ಪಿಟೀಲು ಕಲಿಸುತ್ತಿದ್ದರು. ಕೋಟಿನ ಒಂದು ಗುಂಡಿಯನ್ನು ಮಾತ್ರ ಯಾವಾಗಲೂ ಕೆಂಪು ದಾರದಲ್ಲಿ ಹೊಲಿದಿರುತ್ತಿದ್ದರು.

ಶಾಲೆಯಲ್ಲೊಂದು ಪಿಟೀಲಿನ ಸ್ವರಲಿಪಿಯ ಹಳೆಯ ಅಚ್ಚಿನ ಪುಸ್ತಕವಿತ್ತು. ಅದರಲ್ಲೊಂದು ವಾಲ್ಟ್ಸ್, ಜೋಡಿಯಾಗಿ ಸುತ್ತುತ್ತ ಕುಣಿಯುವ ಮಟ್ಟು. ಹತ್ತೊಂಬತ್ತನೆಯ ಶತಮಾನದಲ್ಲಿ ದಾಂಡೇಲಿಯ ಬಂಗಲೆಯೊಂದರಲ್ಲಿ ಸಾಹೇಬರು ನಡೆಸಿದ ಬಾಲ್ ಡ್ಯಾನ್ಸಿಗೆಂದು ಅದನ್ನು ಕಟ್ಟಿದವರು ಮಾಸ್ತರರ ಅಜ್ಜ. ಅಂದು ಅಜ್ಜ ನುಡಿಸುವಾಗ ನಡುವೆ ತಂತಿ ಹರಿಯಿತಂತೆ. ಕುಣಿಯುವವರು ಎತ್ತಿದ ಕಾಲು ಎತ್ತಿದ ಹಾಗೇ ನಿಂತು ನಕ್ಕರಂತೆ. ಎಲ್ಲರಿಗೂ ಹಿಡಿಸಿತೆಂದು ಅಜ್ಜ ಆ ಜಾಗದಲ್ಲಿ ಮೌನವನ್ನೇ ಬರೆದು ಸೇರಿಸಿದರು. ಆ ಬಂಗಲೆಯ ದೊರೆಸಾನಿ ಮಟ್ಟು ಬರೆದ ಹಾಳೆಗಳನ್ನು ಕೇಳಿ ತೆಗೆದುಕೊಂಡಳು. ಅಚ್ಚಾಗಿ ಬಂದಾಗ ಆ ಮೌನವೂ ಇತ್ತು, ಹೆಸರು ಮಾತ್ರ ಅವಳದು.

"ಆಕಿಗೆ ಪಿಟೀಲು ಯಾವ ಹೆಗಲಿಗೆ ಇಡಬೇಕು ಅನ್ನೂದೂ ಗೊತ್ತಿರಲಿಲ್ಲ," ಅನ್ನುತ್ತಿದ್ದರು ಮಾಸ್ತರರು.

ಶಾಲೆಯ ವಾರ್ಷಿಕ ದಿನಕ್ಕೆ ಆ ವಾಲ್ಟ್ಸನ್ನು ಅವರೇ ನುಡಿಸುವುದೆಂದಾಯಿತು. ಕಾರ್ಯಕ್ರಮದ ಪಟ್ಟಿ ಬರೆಯುವ ಕೆಲಸ ನನ್ನದು. ಅಜ್ಜನ ಹೆಸರಿದ್ದ ಚೀಟಿಯನ್ನು ಮಾಸ್ತರರು ನನ್ನ ಕೈಗಿಟ್ಟರು.

"ನಿನ್ನ ಅಕ್ಷರ ಚಲೋ ಅದಾವವ್ವಾ. ಒಮ್ಮೆರ ನಾಕು ಮಂದಿ ಈ ಹೆಸರು ಓದಲಿ."

"ಬರೀತೇನ್ರಿ ಮಾಸ್ತರ," ಅಂದೆ. ಬರೆದೆ ಕೂಡ.

ದೊಡ್ಡ ಸಿಸ್ಟರ್ ಪಟ್ಟಿ ನೋಡಿ, ಪುಸ್ತಕ ತೆರೆದು, ದೊರೆಸಾನಿಯ ಹೆಸರಿನ ಮೇಲೆ ಬೆರಳಿಟ್ಟರು. "ಅಚ್ಚಿನ್ಯಾಗ ಇದ್ದದ್ದು ಬರಿ. ಪಿಟೀಲು ಬಾರಿಸಾವರು ಇಂಥಾ ಮಟ್ಟು ಕಟ್ಟತಾರೇನು?"

ನಾನು ಹೊಸ ಹಾಳೆಗೆ ಗೆರೆ ಎಳೆದು ಅವಳ ಹೆಸರನ್ನು ಇನ್ನಷ್ಟು ಅಂದವಾಗಿಯೇ ಬರೆದೆ.

ವಾರ್ಷಿಕ ದಿನದಂದು ಗೋಡೆಯ ಮೇಲಿದ್ದ ಪಟ್ಟಿಯನ್ನು ಮಾಸ್ತರರು ನಿಂತು ಓದಿದರು. ನನ್ನ ಕಡೆ ನೋಡಲಿಲ್ಲ. ನುಡಿಸುತ್ತ ಆ ಮೌನದ ಜಾಗಕ್ಕೆ ಬಂದಾಗ ಕಮಾನು ಎತ್ತಿದವರು ಮತ್ತೆ ತಂತಿಗೆ ಮುಟ್ಟಿಸಲೇ ಇಲ್ಲ. ಮಂದಿ ಕಾದರು, ಕೆಮ್ಮಿದರು.

"ಉಳಿದದ್ದನ್ನ ಆಕಿ ಕೈಲೇ ಬಾರಿಸಿಕೊಳ್ರಿ," ಎಂದು ಪಿಟೀಲನ್ನು ಪೆಟ್ಟಿಗೆಗಿಟ್ಟು ಹೊರಟುಹೋದರು. ಮುಂದಿನ ವಾರ ಬರಲಿಲ್ಲ. ಆಮೇಲೂ ಬರಲಿಲ್ಲ...

ಇಂದಿಗೂ ನನ್ನ ಸಿಟ್ಟು ಆರಿಲ್ಲ. ಕೇಳಿ ಪಡೆದದ್ದನ್ನು ತನ್ನದೆಂದ ದೊರೆಸಾನಿಯ ಮೇಲೆ, ಅಚ್ಚಾದದ್ದೇ ನಿಜವೆಂದ ಸಿಸ್ಟರ್ ಮೇಲೆ. ಮೊನ್ನೆ ಇದನ್ನೆಲ್ಲ ಅದೇ ಉರಿಯಲ್ಲಿ ಮೊಮ್ಮಗಳಿಗೆ ಹೇಳಿದೆ. ಕಮಾನಿಗೆ ರಾಳ ತಿಕ್ಕುತ್ತಲೇ ಅವಳು ಕೇಳಿದಳು, "ಆ ಅಜ್ಜನ ಹೆಸರೇನಿತ್ತು, ಅಜ್ಜಿ?"

ಮಾಸ್ತರರು ಕೊಟ್ಟ ಚೀಟಿಯನ್ನು ಕಂಪಾಸು ಪೆಟ್ಟಿಗೆಯಲ್ಲಿಟ್ಟಿದ್ದೆ. ಅದು ಯಾವಾಗ ಎಲ್ಲಿ ಹೋಯಿತೋ... ದೊರೆಸಾನಿಯ ಹೆಸರು ಸ್ಪೆಲ್ಲಿಂಗ್ ಸಮೇತ ನೆನಪಿದೆ. ಆ ಅಜ್ಜನದು ಬಾಯಿಗೆ ಬರಲಿಲ್ಲ.